ಬರಿಹೊಟ್ಟೆಯಲ್ಲಿ ಓಡಿಸಬೇಡಿ: ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುವವರಿಗೊಂದು ಬಹಿರಂಗ ಪತ್ರ

ಪ್ರಿಯ ಕೋಚ್‌ಗಳೇ, ದೈಹಿಕ ಶಿಕ್ಷಣದ ಮೇಷ್ಟ್ರುಗಳೇ, ಟೀಚರುಗಳೇ,



ಕರ್ನಾಟಕದಲ್ಲಿ ಇವತ್ತು ಒಬ್ಬ ಹುಡುಗಿ ಫುಟ್‌ಬಾಲ್ ಆಡುತ್ತಿದ್ದಾಳೆ ಅಂದರೆ ಅವಳ ಹಿಂದೆ ನಿಮ್ಮಂಥವರು ಒಬ್ಬರು ಇದ್ದೇ ಇರುತ್ತಾರೆ. ಅವಳ ಅಪ್ಪನ ಹತ್ತಿರ ಮಾತಾಡಿ ಒಪ್ಪಿಸಿದವರು, ಕೈಯಿಂದ ದುಡ್ಡು ಹಾಕಿ ಸ್ಟಡ್ಸ್ ಕೊಡಿಸಿದವರು, ಟೂರ್ನಿ ಮುಗಿದ ರಾತ್ರಿ ಒಬ್ಬೊಬ್ಬಳನ್ನೂ ಮನೆ ಬಾಗಿಲವರೆಗೆ ಬಿಟ್ಟು ಆಮೇಲೆ ತಮ್ಮ ಮನೆಗೆ ಹೋದವರು ನೀವು. ಅಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸುವಷ್ಟು ಈ ಆಟವನ್ನು ಪ್ರೀತಿಸಿದ ರಾಜ್ಯ ನಮ್ಮದು. 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹೆಣ್ಣುಮಕ್ಕಳು ಇಂಡಿಯನ್ ವಿಮೆನ್ಸ್ ಲೀಗಿನ ಫೈನಲ್‌ವರೆಗೆ ಹೋದರು. ಇಷ್ಟೆಲ್ಲ ಆಗಿದ್ದರಲ್ಲಿ ನಿಮ್ಮ ಬೆವರಿನ ಪಾಲು ದೊಡ್ಡದು. ಅದನ್ನು ಮೊದಲು ಹೇಳಿಯೇ ಮುಂದಿನ ಮಾತಿಗೆ ಬರುತ್ತೇನೆ.

ನಾನು ಆಹಾರತಜ್ಞೆ. ಶಾಲೆ, ಕಾಲೇಜು, ಕ್ಲಬ್ಬುಗಳ ಹುಡುಗಿಯರ ತಂಡಗಳ ಜೊತೆ ಕೆಲಸ ಮಾಡುತ್ತೇನೆ. ಊಟದ ವಿಷಯವಾದ್ದರಿಂದ ಈ ಪತ್ರವನ್ನು ಅವರ ತಾಯಂದಿರಿಗೆ ಬರೆಯಬಹುದಿತ್ತು. ಆದರೆ ಮನೆಯಲ್ಲಿ ಅಮ್ಮ ಹತ್ತು ಸಲ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಹುಡುಗಿ, ಸರ್ ಒಂದು ಸಲ ಹೇಳಿದರೆ ತಪ್ಪದೆ ಮಾಡುತ್ತಾಳೆ. ಸರ್ ಸುಮ್ಮನೆ ಆಡಿದ ಮಾತನ್ನೂ ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಹೇಳಬೇಕಾಗಿರುವುದು ಇಷ್ಟು: ನಮ್ಮ ಹುಡುಗಿಯರು ಓಡುವಷ್ಟು ಉಣ್ಣುತ್ತಿಲ್ಲ.

ಬೆಳಗ್ಗೆ ಐದೂವರೆಯ ಪ್ರಾಕ್ಟೀಸಿಗೆ ಬಂದವರನ್ನು ಏನು ತಿಂದು ಬಂದೆ ಎಂದು ಕೇಳಿ ನೋಡಿ. ‘ಟೀ ಕುಡಿದೆ ಸರ್’ ಅನ್ನುತ್ತಾರೆ. ಜೊತೆಗೆ ಎರಡು ಬಿಸ್ಕತ್ತು ಇದ್ದರೆ ಅವತ್ತಿನ ಪುಣ್ಯ. ಏನೂ ತಿನ್ನದೆ ಬಂದವಳು ಉತ್ತರ ಕೊಡದೆ ನಗುತ್ತಾಳೆ. ಒಂದೂವರೆ ಗಂಟೆ ಓಡಿ, ಬಟ್ಟೆ ಬದಲಿಸಿ, ಬಸ್ಸು ಹಿಡಿದು ಕ್ಲಾಸಿಗೆ ಹೋದ ಮೇಲೆ ಹೊಟ್ಟೆಗೆ ನಿಜವಾದ ಊಟ ಬೀಳುವಾಗ ಮಧ್ಯಾಹ್ನವಾಗಿರುತ್ತದೆ. ಸಂಜೆಯೂ ಪ್ರಾಕ್ಟೀಸ್ ಇದ್ದರೆ ಮನೆ ಸೇರುವಾಗ ಎಂಟು. ಆಗ ಅಡುಗೆಮನೆಯಲ್ಲಿ ಕೈ ಜೋಡಿಸಬೇಕು. ಅಣ್ಣನದು, ಅಪ್ಪನದು ಊಟ ಆಗಬೇಕು. ಕೊನೆಗೆ ತಟ್ಟೆಯ ಮುಂದೆ ಕೂತಾಗ ಅರ್ಧ ನಿದ್ದೆ, ಅರ್ಧ ಭಯ. ರಾತ್ರಿ ಅನ್ನ ತಿಂದರೆ ದಪ್ಪ ಆಗುತ್ತೀವಿ ಎಂದು ಯಾರೋ ಹೇಳಿದ್ದಾರೆ. ಎರಡು ಚಪಾತಿ ತಿಂದು ಮಲಗುತ್ತಾಳೆ.

ಒಂದು ಲೆಕ್ಕ ಹಾಕೋಣ. 50 ಕೆ.ಜಿ. ತೂಕದ ಹುಡುಗಿ ಎಂದುಕೊಳ್ಳಿ. ಕೊಬ್ಬಿನ ಭಾಗ ತೆಗೆದರೆ ಉಳಿಯುವ ಮೈತೂಕ ಸುಮಾರು 40 ಕೆ.ಜಿ. ಆಟಕ್ಕೆ ಖರ್ಚಾದದ್ದನ್ನು ಕಳೆದ ಮೇಲೂ ಈ 40 ಕೆ.ಜಿ.ಯ ಪ್ರತಿಯೊಂದು ಕೆ.ಜಿ.ಗೆ ದಿನಕ್ಕೆ 45 ಕ್ಯಾಲೊರಿ ಉಳಿದಿರಬೇಕು ಎಂಬುದು ಕ್ರೀಡಾವೈದ್ಯರು ಒಪ್ಪಿಕೊಂಡಿರುವ ಅಳತೆ. ಅಂದರೆ 1800 ಕ್ಯಾಲೊರಿ. ಹೃದಯ ಬಡಿಯುವುದು, ಮೂಳೆ ಬೆಳೆಯುವುದು, ಗಾಯ ಮಾಯುವುದು, ತಿಂಗಳಿಗೊಮ್ಮೆ ಮುಟ್ಟಾಗುವುದು ಎಲ್ಲವೂ ಇದರಲ್ಲೇ ನಡೆಯಬೇಕು. ಉಳಿದದ್ದು ಕೆ.ಜಿ.ಗೆ 30ಕ್ಕಿಂತ ಕೆಳಗೆ, ಅಂದರೆ 1200ಕ್ಕಿಂತ ಕೆಳಗೆ ಇಳಿದರೆ ದೇಹ ಕೈ ಬಿಗಿಹಿಡಿಯಲು ಶುರುಮಾಡುತ್ತದೆ. ಈಗ ನಿಮ್ಮ ಒಂದೂವರೆ ಗಂಟೆಯ ಪ್ರಾಕ್ಟೀಸಿಗೆ ಸುಮಾರು 550 ಕ್ಯಾಲೊರಿ ಹೋಗುತ್ತದೆ. ಆ ಹುಡುಗಿ ದಿನವಿಡೀ ತಿಂದದ್ದು 1700 ಆದರೆ ಉಳಿದದ್ದು 1150. ನೋಡಿದವರಿಗೆ ಅವಳು ಮೂರು ಹೊತ್ತೂ ಉಂಡಿದ್ದಾಳೆ. ಯಾರೂ ಅವಳನ್ನು ಉಪವಾಸ ಕೆಡವಿಲ್ಲ. ಆದರೂ ಅವಳ ದೇಹಕ್ಕೆ ಗೊತ್ತಿರುವುದು ಬರಗಾಲವೇ.

ಮೇಲಿನ ಲೆಕ್ಕ ಬೆಳೆದು ನಿಂತ ಹೆಂಗಸಿನದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 2400 ಕ್ಯಾಲೊರಿ, 16ರಿಂದ 18ರವಳಿಗೆ 2500 ಬೇಕು. ಅದು ಯಾವ ತಂಡದಲ್ಲೂ ಆಡದ, ಸಾಧಾರಣವಾಗಿ ಓಡಾಡಿಕೊಂಡಿರುವ ಹುಡುಗಿಯ ಲೆಕ್ಕ. ನಿಮ್ಮ ವಿಂಗರ್ ಅದಕ್ಕಿಂತ ಜಾಸ್ತಿ ಉಣ್ಣಬೇಕು.

ದೇಹ ಕೈ ಬಿಗಿಹಿಡಿಯುತ್ತದೆ ಎಂದೆನಲ್ಲ, ಅದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನೀವು ತಿಳಿದಿರಲೇಬೇಕು. ಜೀವ ಉಳಿಸಿಕೊಳ್ಳಲು ಆ ಕ್ಷಣಕ್ಕೆ ಬೇಡವಾದ ಕೆಲಸಗಳನ್ನು ಅದು ಮೊದಲು ನಿಲ್ಲಿಸುತ್ತದೆ. ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಸಂದೇಶ ಕ್ಷೀಣಿಸುತ್ತದೆ, ಮುಟ್ಟು ತಡವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಅದರ ಜೊತೆ ಈಸ್ಟ್ರೋಜೆನ್ ಇಳಿಯುತ್ತದೆ. ಮೂಳೆ ಗಟ್ಟಿಯಾಗಲು ಈಸ್ಟ್ರೋಜೆನ್ ಬೇಕು. ಹುಡುಗಿಯರ ಮೂಳೆಯ ಬಹುಪಾಲು ಕಟ್ಟಿಕೊಳ್ಳುವುದು ಹದಿನೆಂಟು, ಇಪ್ಪತ್ತರ ಒಳಗೆ. ಆ ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಆಮೇಲೆ ಪೂರ್ತಿ ತುಂಬಿಕೊಳ್ಳುವುದು ಬಹಳ ಕಷ್ಟ. ಕಣಕಾಲಿನಲ್ಲಿ ಮೊದಮೊದಲು ಬರೀ ನೋವು ಎಂದು ಸ್ಪ್ರೇ ಹೊಡೆದುಕೊಂಡು ಆಡಿದವಳ ಎಕ್ಸ್‌ರೇಯಲ್ಲಿ ಕೊನೆಗೆ ಕೂದಲೆಳೆಯ ಬಿರುಕು ಕಾಣಿಸುತ್ತದೆ. ಪದೇಪದೇ ನೆಗಡಿ ಜ್ವರ, ಎಷ್ಟು ಮಲಗಿದರೂ ಹೋಗದ ಸುಸ್ತು, ಸುಮ್ಮಸುಮ್ಮನೆ ಸಿಟ್ಟು ಅಳು, ಪಾಠ ತಲೆಗೆ ಹತ್ತದಿರುವುದು ಇವೂ ಅದರ ಗುರುತುಗಳೇ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಇಡೀ ಸ್ಥಿತಿಗೆ ರೆಡ್-ಎಸ್ ಎಂದು ಹೆಸರು ಕೊಟ್ಟಿತು, 2023ರಲ್ಲಿ ಅದರ ಬಗೆಗಿನ ಹೇಳಿಕೆಯನ್ನು ಮತ್ತೆ ಪರಿಷ್ಕರಿಸಿತು. ಗಂಡುಮಕ್ಕಳಿಗೂ ಇದು ಬರುತ್ತದೆ. ಹೆಣ್ಣುಮಕ್ಕಳ ದೇಹ ಮಾತ್ರ ನಿಂತ ಮುಟ್ಟಿನ ಮೂಲಕ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ದುಃಖದ ಸಂಗತಿ ಏನೆಂದರೆ ನಮ್ಮ ಗ್ರೌಂಡುಗಳಲ್ಲಿ ಆ ಎಚ್ಚರಿಕೆಯನ್ನು ಹುಡುಗಿಯರು ಅನುಕೂಲ ಎಂದುಕೊಳ್ಳುತ್ತಾರೆ. ‘ಡೇಟ್ ಆಗ್ತಿಲ್ಲ, ಒಳ್ಳೇದೇ ಆಯ್ತು ಮೇಡಂ, ಟೂರ್ನಮೆಂಟಿಗೆ ತೊಂದರೆ ಇಲ್ಲ’ ಎಂಬ ಮಾತನ್ನು ನಾನು ಕೇಳುತ್ತಲೇ ಬಂದಿದ್ದೇನೆ.

ಬಡತನ ಇರುವ ಕಡೆ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ರಾಷ್ಟ್ರೀಯ ಮಹಿಳಾ ತಂಡದ ಆಟಗಾರ್ತಿಯರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರು ದಿನಕ್ಕೆ ಸರಾಸರಿ 2700ರಷ್ಟು ಕ್ಯಾಲೊರಿ ಖರ್ಚು ಮಾಡುತ್ತಿದ್ದರು, ತಿಂದೆವೆಂದು ಬರೆದುಕೊಟ್ಟದ್ದು ಸುಮಾರು 1900. ಜನ ತಾವು ತಿಂದದ್ದನ್ನು ಬರೆಯುವಾಗ ಒಂದಿಷ್ಟು ಬಿಟ್ಟೇ ಬರೆಯುತ್ತಾರೆ ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಕಂದರ ದೊಡ್ಡದೇ. ಅಡುಗೆಯವರು, ಆಹಾರತಜ್ಞರು, ವೈದ್ಯರು ಎಲ್ಲ ಇದ್ದ ತಂಡ ಅದು. ಅದೇ ವರ್ಷ ಅಲ್ಲಿನ ಆಟಗಾರ್ತಿಯರನ್ನೂ ಸಿಬ್ಬಂದಿಯನ್ನೂ ಮಾತಾಡಿಸಿ ನಡೆಸಿದ ಇನ್ನೊಂದು ಅಧ್ಯಯನ ಕಾರಣವನ್ನು ಹುಡುಕಿತು. ಅನ್ನ, ಬ್ರೆಡ್ಡು, ಆಲೂಗಡ್ಡೆ ಕಂಡರೆ ಭಯ. ಚರ್ಮದ ಮಡಿಕೆ ಅಳೆದು ಇಷ್ಟರ ಒಳಗೇ ಇರಬೇಕು ಎಂದು ಇಟ್ಟ ಗುರಿ. ಮೈಯ ಆಕಾರದ ಬಗ್ಗೆ ನಾಚಿಕೆ. ಲಂಡನ್ನಿನಲ್ಲೂ ಹುಬ್ಬಳ್ಳಿಯಲ್ಲೂ ಹದಿನೇಳರ ಹುಡುಗಿಗೆ ಇರುವ ಭಯ ಒಂದೇ.

ಇಲ್ಲಿ ನಿಮ್ಮ ನಾಲಿಗೆಯ ವಿಷಯ ಬರುತ್ತದೆ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂಕೋಚವಿದೆ, ಆದರೂ ಬರೆಯುತ್ತೇನೆ. ‘ದಪ್ಪ ಆಗಿದ್ದೀಯಲ್ಲೇ, ಬಾಲ್‌ಗಿಂತ ನೀನೇ ಗುಂಡಗಿದ್ದೀಯ’ ಎಂಬ ಮಾತು ಗ್ರೌಂಡಿನಲ್ಲಿ ನಗುವಿಗಾಗಿ ಹುಟ್ಟಿ ಅಲ್ಲೇ ಮುಗಿಯುತ್ತದೆ ಎಂದು ನೀವು ಅಂದುಕೊಂಡಿರುತ್ತೀರಿ. ಅದು ಅವಳ ಜೊತೆ ಮನೆಗೆ ಹೋಗುತ್ತದೆ. ಅವತ್ತು ರಾತ್ರಿಯ ಅನ್ನ ಕಡಿಮೆಯಾಗುತ್ತದೆ, ಮಾರನೇ ದಿನ ತಿಂಡಿ ಇಲ್ಲವಾಗುತ್ತದೆ. ಕೆಲವರು ತಿಂದದ್ದನ್ನು ಬಾತ್‌ರೂಮಿಗೆ ಹೋಗಿ ಕಕ್ಕುವ ಅಭ್ಯಾಸಕ್ಕೆ ಬೀಳುತ್ತಾರೆ, ಅದನ್ನು ಬಿಡಿಸಲು ಮನೋವೈದ್ಯರ ಸಹಾಯವೇ ಬೇಕಾಗುತ್ತದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೂಕ ನೋಡಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಹದಿಮೂರು ಹದಿನಾಲ್ಕರಲ್ಲಿ ಹುಡುಗಿಯ ಮೈ ತುಂಬಿಕೊಳ್ಳುವುದು ಪ್ರಕೃತಿಯ ಕೆಲಸ. ಆ ಒಂದೆರಡು ವರ್ಷ ಅವಳ ಓಟ ಸ್ವಲ್ಪ ನಿಧಾನವಾಗಬಹುದು, ತಿರುಗುವಾಗ ತಡವರಿಸಬಹುದು. ಹೊಸ ಮೈಗೆ ಅವಳು ಹೊಂದಿಕೊಳ್ಳುತ್ತಿದ್ದಾಳೆ. ಆಗ ಬೇಕಾದದ್ದು ತಾಳ್ಮೆ ಮತ್ತು ಊಟ. ತೂಕದ ಬಗ್ಗೆ ನಿಜಕ್ಕೂ ಏನಾದರೂ ಮಾಡಬೇಕಾದರೆ ಅದನ್ನು ವೈದ್ಯರ ಕೋಣೆಯಲ್ಲಿ, ಅವಳ ಮನೆಯವರು ಇರುವಾಗ ಮಾತಾಡೋಣ. ನೀವು ಅಳೆಯಬೇಕಾದದ್ದು ಅವಳ ಸ್ಪ್ರಿಂಟು, ಅವಳ ಪಾಸು, ಎರಡನೇ ಅರ್ಧದಲ್ಲಿ ಅವಳು ಎಷ್ಟು ಸಲ ವಾಪಸ್ ಓಡಿ ಬಂದಳು ಎಂಬುದನ್ನು.

ಎರಡನೇ ಅರ್ಧ ಎಂದಾಗ 2025ರ ಜುಲೈ 5 ನೆನಪಾಗುತ್ತದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಆತಿಥೇಯ ತಂಡವನ್ನು 2-1ರಿಂದ ಸೋಲಿಸಿದರು. ಅರ್ಹತಾ ಸುತ್ತು ಗೆದ್ದು ಏಷ್ಯನ್ ಕಪ್‌ಗೆ ಹೋದದ್ದು ಭಾರತದ ಮಹಿಳಾ ತಂಡಕ್ಕೆ ಅದೇ ಮೊದಲು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು, ಗೆಲುವಿನ ಗೋಲು ಬಂದದ್ದು 74ನೇ ನಿಮಿಷದಲ್ಲಿ. ಆ ಹೊತ್ತಿಗೆ ಕಾಲಿನಲ್ಲಿ ಏನಾದರೂ ಉಳಿದಿರಬೇಕಾದರೆ ಅದು ಹಿಂದಿನ ದಿನ ಉಂಡ ಊಟದಿಂದ ಬರುತ್ತದೆ. ಅನ್ನ, ಮುದ್ದೆ, ರೊಟ್ಟಿ ಕರಗಿ ಸ್ನಾಯುಗಳಲ್ಲಿ ಗ್ಲೈಕೋಜೆನ್ ಆಗಿ ಕೂಡುತ್ತದೆ. ಜೋರಾಗಿ ಓಡುವಾಗ ಸ್ನಾಯು ಉರಿಸುವುದು ಅದನ್ನೇ. ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್ 1970ರ ದಶಕದಲ್ಲೇ ಗಂಡಸರ ಮೇಲೆ ಪರೀಕ್ಷೆ ಮಾಡಿ, ಗ್ಲೈಕೋಜೆನ್ ಕಡಿಮೆ ಇಟ್ಟುಕೊಂಡು ಮೈದಾನಕ್ಕೆ ಇಳಿದವರು ಎರಡನೇ ಅರ್ಧದಲ್ಲಿ ಕಡಿಮೆ ದೂರ ಓಡಿ, ಹೆಚ್ಚು ಹೊತ್ತು ನಡೆದೇ ಕಳೆಯುತ್ತಾರೆ ಎಂದು ತೋರಿಸಿದ್ದರು. ಕೊನೆಯ ಇಪ್ಪತ್ತು ನಿಮಿಷ ನಿಮ್ಮ ಹುಡುಗಿಯರು ಸೊಂಟದ ಮೇಲೆ ಕೈಯಿಟ್ಟು ನಿಂತರೆ ‘ಫಿಟ್‌ನೆಸ್ ಇಲ್ಲ, ನಾಳೆಯಿಂದ ಇನ್ನೂ ಹತ್ತು ರೌಂಡು’ ಎನ್ನುವ ಮುಂಚೆ ಹಿಂದಿನ ರಾತ್ರಿ ಏನು ಉಂಡರು ಎಂದು ಕೇಳಿ. ಊಟವಿಲ್ಲದವರಿಗೆ ಹತ್ತು ರೌಂಡು ಹೆಚ್ಚಿಸಿದರೆ ಕಂದರ ಇನ್ನೂ ಅಗಲವಾಗುತ್ತದೆ.

ಆದ್ದರಿಂದ ಅನ್ನವನ್ನು ಅವರ ತಟ್ಟೆಗೆ ವಾಪಸ್ ತನ್ನಿ. ಯುರೋಪಿನ ಫುಟ್‌ಬಾಲ್ ಒಕ್ಕೂಟ ಸೇರಿಸಿದ್ದ ತಜ್ಞರ ತಂಡ ಪಂದ್ಯದ ಹಿಂದಿನ ದಿನಕ್ಕೂ ಪಂದ್ಯದ ದಿನಕ್ಕೂ ಹೇಳುವುದು ಮೈತೂಕದ ಕೆ.ಜಿ.ಗೆ 6ರಿಂದ 8 ಗ್ರಾಂ ಕಾರ್ಬೋಹೈಡ್ರೇಟ್. ನಮ್ಮ 50 ಕೆ.ಜಿ. ಹುಡುಗಿಗೆ ಅದು 300ರಿಂದ 400 ಗ್ರಾಂ. ಇದಕ್ಕೆ ಪಾಸ್ತಾ, ಓಟ್ಸ್ ಏನೂ ಬೇಡ. ಹಳೇ ಮೈಸೂರಿನವಳಿಗೆ ಮುದ್ದೆ ಬಸ್ಸಾರು, ಆಮೇಲೆ ಅನ್ನ. ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯವಳಿಗೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ. ಕರಾವಳಿಯವಳಿಗೆ ಕುಚಲಕ್ಕಿ ಗಂಜಿ, ಜೊತೆಗೆ ಬಂಗುಡೆ ಅಥವಾ ಭೂತಾಯಿ. ಕೊಡವ ಮನೆಯವಳಿಗೆ ಕಡಂಬುಟ್ಟು. ಅವರವರ ಅಜ್ಜಿಯ ಅಡುಗೆಯಲ್ಲೇ ಎಲ್ಲ ಇದೆ, ಬೇಕಾದದ್ದು ಇನ್ನೊಂದು ಸೌಟು ಹೆಚ್ಚು. ರಾಗಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಮೂಳೆಯ ವಿಷಯ ಬಂದದ್ದರಿಂದ: 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಬಿಳಿ ಅಕ್ಕಿಯಲ್ಲಿ 10 ಮಿ.ಗ್ರಾಂ ಕೂಡ ಇಲ್ಲ. ಈ ವಯಸ್ಸಿನ ಹುಡುಗಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿ.ಗ್ರಾಂ. ಮುದ್ದೆ ತಿನ್ನಲು ನಾಚಿಕೊಳ್ಳುವ ನಗರದ ಹುಡುಗಿಯರಿಗೆ ಇದನ್ನು ನೀವೇ ಹೇಳಿ, ನಾನು ಹೇಳಿದರೆ ಅವರು ಅಷ್ಟಾಗಿ ನಂಬುವುದಿಲ್ಲ.

ಎಷ್ಟು ಉಣ್ಣುತ್ತಾರೆ ಎಂಬುದರಷ್ಟೇ ಯಾವಾಗ ಉಣ್ಣುತ್ತಾರೆ ಎಂಬುದೂ ಮುಖ್ಯ, ಮತ್ತು ಅದು ಪೂರ್ತಿ ನಿಮ್ಮ ಕೈಯಲ್ಲಿರುವ ವಿಷಯ. ಮುಂಜಾನೆಯ ಪ್ರಾಕ್ಟೀಸಿಗೆ ಮುಂಚೆ ಯಾರಿಗೂ ಹೊಟ್ಟೆ ತುಂಬ ತಿನ್ನಲಾಗದು. ಎರಡು ಏಲಕ್ಕಿ ಬಾಳೆಹಣ್ಣು, ಒಂದು ತುಂಡು ಬೆಲ್ಲ, ಇಲ್ಲವೇ ಒಂದು ಲೋಟ ರಾಗಿ ಅಂಬಲಿ ಸಾಕು, ಬರಿಹೊಟ್ಟೆ ಎನ್ನುವುದು ತಪ್ಪುತ್ತದೆ. ಪ್ರಾಕ್ಟೀಸ್ ಮುಗಿದ ಅರ್ಧ ಗಂಟೆಯಲ್ಲಿ, ಇನ್ನೂ ಗ್ರೌಂಡಿನಲ್ಲಿರುವಾಗಲೇ ಅವರ ಕೈಗೆ ಏನಾದರೂ ಬರಬೇಕು. ಬಸ್ಸು ಹತ್ತಿದ ಮೇಲೆ ಅವರು ನಿಮ್ಮ ಕೈ ತಪ್ಪಿಹೋಗುತ್ತಾರೆ. ಒಂದು ಹಿಡಿ ಹುರಿದ ಕಡಲೆಕಾಯಿ, ಬೆಲ್ಲದ ಚೂರು, ಎರಡು ಬಾಳೆಹಣ್ಣು ಸೇರಿದರೆ 350ರಿಂದ 400 ಕ್ಯಾಲೊರಿ. ಮೇಲೆ ಹಾಕಿದ ಲೆಕ್ಕದಲ್ಲಿ ಕೊರತೆಯಿದ್ದ 650ರಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ತುಂಬಿತು. ಬೇಯಿಸಿದ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ನೆನೆಸಿದ ಹೆಸರುಕಾಳು ಅಥವಾ ಒಂದು ಲೋಟ ಹಾಲು. ಒಂದು ಜೊತೆ ಸ್ಟಡ್ಸ್‌ನ ಬೆಲೆಯಲ್ಲಿ ಒಬ್ಬ ಹುಡುಗಿಗೆ ಹಲವು ತಿಂಗಳ ಕಡಲೆಕಾಯಿ ಬರುತ್ತದೆ. ದಾನಿಗಳು ಏನು ಕೊಡಿಸೋಣ ಎಂದು ಕೇಳಿದಾಗ ಜೆರ್ಸಿ, ಟ್ರೋಫಿ ಜೊತೆಗೆ ಇದನ್ನೂ ಕೇಳಿ. ಗ್ರೌಂಡಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ತಿನ್ನುವ ಪದ್ಧತಿ ಬಂದರೆ ಮನೆಯಲ್ಲಿ ಇಲ್ಲದವಳಿಗೂ ಸಂಕೋಚವಿಲ್ಲ, ದಪ್ಪವಾಗುವ ಭಯದವಳಿಗೂ ಜೊತೆ ಸಿಗುತ್ತದೆ.

ಪ್ರೋಟೀನ್ ಪುಡಿಯ ಡಬ್ಬಿ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 50 ಕೆ.ಜಿ. ಆಟಗಾರ್ತಿಗೆ ದಿನಕ್ಕೆ ಸುಮಾರು 80 ಗ್ರಾಂ ಪ್ರೋಟೀನ್ ಧಾರಾಳವಾಯಿತು. ಎರಡು ಮೊಟ್ಟೆಯಲ್ಲಿ 12, ಎರಡು ಲೋಟ ಹಾಲಿನಲ್ಲಿ 12, ಹಿಡಿ ಕಡಲೆಕಾಯಿಯಲ್ಲಿ 8, ಎರಡು ಹೊತ್ತಿನ ಬೇಳೆ ಕಾಳಿನಲ್ಲಿ 22, ದಿನದ ರಾಗಿ ಅಕ್ಕಿ ಜೋಳದಲ್ಲಿ 26. ಲೆಕ್ಕ ಸರಿಹೋಯಿತು. ಜಿಮ್ಮಿನವರು ಮಾರುವ ಡಬ್ಬಿಯಲ್ಲಿ ಏನೇನು ಬೆರೆತಿದೆ ಎಂದು ನಿಮಗೂ ಗೊತ್ತಿರುವುದಿಲ್ಲ, ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಶಿಕ್ಷೆ ಮಾತ್ರ ಆ ಮಗುವಿಗೆ.

ಕಬ್ಬಿಣದ ಅಂಶದ ಬಗ್ಗೆ ಹಾಗೆ ಚಿಕ್ಕದಾಗಿ ಹೇಳಲು ಬರುವುದಿಲ್ಲ. 2003ರ ಮಹಿಳಾ ವಿಶ್ವಕಪ್‌ಗೆ ಆರು ತಿಂಗಳು ಇರುವಾಗ ಸ್ವೀಡನ್ ರಾಷ್ಟ್ರೀಯ ತಂಡದ 28 ಆಟಗಾರ್ತಿಯರ ರಕ್ತ ಪರೀಕ್ಷೆ ಮಾಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ, ಶೇ 57 ಜನಕ್ಕೆ, ಕಬ್ಬಿಣದ ಕೊರತೆ. ಶೇ 29 ಜನಕ್ಕೆ ಅದರಿಂದಾದ ರಕ್ತಹೀನತೆ. ಆ ವಿಶ್ವಕಪ್‌ನಲ್ಲಿ ಫೈನಲ್ ಆಡಿದ ದೇಶದ ಮಾತಿದು. ನಮ್ಮ ದೇಶದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19ರ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ನಿಮ್ಮ ತಂಡದಲ್ಲಿ ಹದಿನೆಂಟು ಜನ ಇದ್ದರೆ ಎಷ್ಟು ಮಂದಿ ಎಂದು ನೀವೇ ಊಹಿಸಿ. ರಕ್ತ ಕಡಿಮೆ ಇದ್ದವಳು ಬೇಗ ಏದುಸಿರು ಬಿಡುತ್ತಾಳೆ, ಅವಳನ್ನು ನಾವು ಸೋಮಾರಿ ಎನ್ನುತ್ತೇವೆ.

ಈ ವಿಷಯದಲ್ಲಿ ನೀವು ಮಾಡಬಹುದಾದದ್ದು ಬಹಳ ಇದೆ. ಸೀಸನ್ ಶುರುವಾಗುವ ಮುಂಚೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದವರ ಜೊತೆ ಮಾತಾಡಿ ಎಲ್ಲರಿಗೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸಾಧ್ಯವಿದ್ದಲ್ಲಿ ಫೆರಿಟಿನ್ ಕೂಡ ಮಾಡಿಸಿ, ಏಕೆಂದರೆ ಹಿಮೋಗ್ಲೋಬಿನ್ ಇಳಿಯುವ ಎಷ್ಟೋ ಮುಂಚೆಯೇ ಮೈಯಲ್ಲಿನ ಕಬ್ಬಿಣದ ಸಂಗ್ರಹ ಖಾಲಿಯಾಗಿರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಹುಡುಗಿಯರು ಹೊಟ್ಟೆ ತೊಳಸುತ್ತದೆ ಎಂದು ಕಿಟಕಿಯಾಚೆ ಎಸೆಯುತ್ತಾರೆ. ಊಟವಾದ ಮೇಲೆ ತಗೊಂಡರೆ ತೊಳಸುವುದು ಕಡಿಮೆ, ಮಲ ಕಪ್ಪಾದರೆ ಹೆದರಬೇಕಿಲ್ಲ ಎಂದು ನೀವು ಹೇಳಿದರೆ ನುಂಗುತ್ತಾರೆ. ಅದಕ್ಕಿಂತ ಹೆಚ್ಚಿನ ಮಾತ್ರೆ ಮಾತ್ರ ವೈದ್ಯರು ಬರೆದುಕೊಡದೆ ಬೇಡ. ನುಗ್ಗೆಸೊಪ್ಪು, ಹುರುಳಿಕಾಳು, ಎಳ್ಳು ತಿನ್ನುವಾಗ ಮೇಲೊಂದು ನಿಂಬೆಹೋಳು ಹಿಂಡಿದರೆ ಅದರಲ್ಲಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ, ಊಟದ ಜೊತೆಗೇ ಟೀ ಕುಡಿದರೆ ಕಡಿಮೆ ಹತ್ತುತ್ತದೆ. ಮಾಂಸ ತಿನ್ನುವ ಮನೆಗಳಲ್ಲಿ ಲಿವರ್ ತಂದ ದಿನ ಹುಡುಗಿಗೂ ಪಾಲು ಸಿಗುತ್ತಿದೆಯೇ ಎಂದು ಕೇಳಿ. ಇನ್ನೊಂದು ಸಂಗತಿ ನಿಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು: ಬರಿಗಾಲಲ್ಲಿ ಆಡುವ ಮಕ್ಕಳಿಗೆ ಮಣ್ಣಿನಲ್ಲಿರುವ ಕೊಕ್ಕೆಹುಳದ ಮರಿಗಳು ಪಾದದ ಚರ್ಮದ ಮೂಲಕವೇ ಒಳಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತವೆ. ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ನಿಮ್ಮ ಹುಡುಗಿಯರು ಟೂರ್ನಿಗೆ ಹೋಗಿ ತಪ್ಪಿಸಿಕೊಂಡಿದ್ದರೆ ಆಮೇಲೆ ಕೊಡಿಸಿ. ಸ್ಟಡ್ಸ್ ಇಲ್ಲದವಳಿಗೆ ಹಳೆಯ ಕ್ಯಾನ್ವಾಸ್ ಶೂ ಆದರೂ ಹೊಂದಿಸಿ.

ನೀರಿನ ವಿಷಯಕ್ಕೆ ಬರೋಣ. ನಮ್ಮ ಹುಡುಗಿಯರು ನೀರು ಕುಡಿಯುವುದಿಲ್ಲ, ಬಾಟಲಿ ತಂದರೂ ಕುಡಿಯುವುದಿಲ್ಲ. ಸೋಮಾರಿತನವೆಂದು ಬೈಯುವ ಮುಂಚೆ ಗ್ರೌಂಡಿನ ಸುತ್ತ ಒಮ್ಮೆ ನೋಡಿ. ಹುಡುಗರು ಗೋಡೆಯ ಮರೆಗೆ ಹೋಗಿ ಬರುತ್ತಾರೆ. ಹುಡುಗಿಯರಿಗೆ ಹೋಗಲು ಜಾಗವಿಲ್ಲ. ಇದ್ದ ಒಂದು ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರ ಹತ್ತಿರವಿದೆಯೋ ಗೊತ್ತಿಲ್ಲ, ಇಲ್ಲವೇ ಒಳಗೆ ನೀರಿಲ್ಲ, ಚಿಲಕವಿಲ್ಲ. ಅದಕ್ಕೇ ಅವರು ಬೆಳಗ್ಗೆಯಿಂದಲೇ ಗಂಟಲು ಒಣಗಿಸಿಕೊಂಡು ಬರುತ್ತಾರೆ. ಟೂರ್ನಿಗೆ ಬಸ್ಸಿನಲ್ಲಿ ಹೋಗುವ ದಿನವಂತೂ ಊಟವನ್ನೂ ಬಿಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಹೀಗೆ ಆಡಿದವಳಿಗೆ ತಲೆಸುತ್ತು, ಕಾಲು ಹಿಡಿಯುವುದು, ಆಮೇಲೆ ಉರಿಮೂತ್ರ ಎಲ್ಲ ಬರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಮಾಡಿಸುವುದು ಸುಲಭ. ಆದರೆ ಶೌಚಾಲಯದ ಬೀಗ ತೆಗೆಸದೆ ಪಾನಕ ಕೊಟ್ಟರೆ ಅವರು ಕುಡಿದಂತೆ ಮಾಡಿ ಚೆಲ್ಲುತ್ತಾರೆ. ಅವರ ಪೋಷಣೆಗೆ ನೀವು ಮಾಡಬಹುದಾದ ಮೊದಲ ಕೆಲಸ ಆ ಬೀಗದ ಕೈಯನ್ನು ಹುಡುಕುವುದೇ ಇರಬಹುದು.

ಮುಟ್ಟಿನ ಬಗ್ಗೆ ಗಂಡಸರಾದ ನೀವು ಹೇಗೆ ಕೇಳುವುದು ಎಂಬ ಮುಜುಗರ ನನಗೆ ಅರ್ಥವಾಗುತ್ತದೆ. ನೀವೇ ಕೇಳಬೇಕಿಲ್ಲ. ತಂಡದ ಜೊತೆ ಒಬ್ಬ ಹೆಂಗಸು ಇರಲಿ, ಟೀಚರ್ ಆಗಬಹುದು, ಮ್ಯಾನೇಜರ್ ಆಗಬಹುದು, ಒಬ್ಬ ಆಟಗಾರ್ತಿಯ ತಾಯಿಯೂ ಆಗಬಹುದು. ಪ್ರತಿಯೊಬ್ಬಳೂ ತನ್ನ ದಿನಾಂಕವನ್ನು ತನ್ನದೇ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಅದು ಅವಳ ಸ್ವಂತದ್ದು. ಆ ಪುಸ್ತಕವನ್ನು ನೀವು ತರಿಸಿಕೊಂಡು ನೋಡುವುದಾಗಲಿ, ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುವುದಾಗಲಿ ಬೇಡ. ಮೂರು ತಿಂಗಳು ಆಗದಿದ್ದರೆ, ಅಥವಾ ಹದಿನೈದು ತುಂಬಿದರೂ ಮೊದಲ ಸಲ ಆಗದಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿರಲಿ. ಥೈರಾಯ್ಡ್, ಪಿಸಿಓಡಿ ಮೊದಲಾದ ಬೇರೆ ಕಾರಣಗಳೂ ಇರುತ್ತವೆ, ಅದನ್ನು ನಿರ್ಧರಿಸುವುದು ವೈದ್ಯರ ಕೆಲಸ. ನಿಮ್ಮಿಂದ ಬೇಕಾದದ್ದು, ಇದನ್ನು ಹೇಳಿದರೆ ಟೀಮಿನಿಂದ ತೆಗೆದುಬಿಡುತ್ತಾರೆ ಎಂಬ ಅವರ ಭಯವನ್ನು ಕಳೆಯುವ ಒಂದು ಮಾತು. ‘ಆರೋಗ್ಯ ಸರಿಯಿಲ್ಲ ಅಂತ ಹೇಳಿದವರ ಜಾಗ ಎಲ್ಲೂ ಹೋಗಲ್ಲ’ ಎಂದು ಸೀಸನ್ನಿನ ಮೊದಲ ದಿನವೇ ಎಲ್ಲರ ಮುಂದೆ ಹೇಳಿಬಿಡಿ, ಹೇಳಿದ ಹಾಗೆ ನಡೆದುಕೊಳ್ಳಿ.

ವ್ರತ, ಉಪವಾಸ, ರೋಜಾ ಮಾಡುವ ಹುಡುಗಿಯರು ನಿಮ್ಮಲ್ಲಿ ಇರುತ್ತಾರೆ. ಅವರ ನಂಬಿಕೆಯನ್ನು ಗೌರವಿಸಿ, ಮುಂಚೆಯೇ ಕೇಳಿ ತಿಳಿದುಕೊಂಡು ಆ ದಿನದ ಕೆಲಸ ಹಗುರ ಮಾಡಿ. ರಂಜಾನ್ ತಿಂಗಳಲ್ಲಿ ಇಫ್ತಾರ್ ಆದ ಮೇಲೆ ಪ್ರಾಕ್ಟೀಸ್ ಇಟ್ಟರೆ ಇನ್ನೂ ಒಳ್ಳೆಯದು.

ಮನೆಯವರ ಹತ್ತಿರವೂ ನೀವೇ ಮಾತಾಡಬೇಕು. ವರ್ಷಕ್ಕೊಮ್ಮೆ ಸಹಿಗಾಗಿ ಕರೆಯುವ ಸಭೆಯಲ್ಲಿ ಹತ್ತು ನಿಮಿಷ ಊಟಕ್ಕೆ ಕೊಡಿ. ‘ನಿಮ್ಮ ಮಗಳು ಗದ್ದೆ ಕೆಲಸ ಮಾಡಿ ಬಂದವರಷ್ಟು ದಣಿದು ಬರುತ್ತಾಳೆ, ಬಂದ ಕೂಡಲೇ ಅವಳಿಗೆ ಮೊದಲು ಬಡಿಸಿ’ ಎಂದು ಹೇಳಿ. ಗಂಡುಮಗನಿಗೆ ಹಾಲು, ಮೊಟ್ಟೆ ಎತ್ತಿಡುವ ಮನೆ ಮಗಳಿಗೂ ಎತ್ತಿಡುವಂತಾಗಲು ಹೊರಗಿನವರ ಮಾತು ಬೇಕಾಗುತ್ತದೆ. ಸರ್ ಹೇಳಿದರು ಎಂಬುದಕ್ಕೆ ನಮ್ಮ ಕಡೆ ಇನ್ನೂ ಬೆಲೆ ಇದೆ.

ಕೊನೆಯದಾಗಿ ಟೂರ್ನಿಗಳ ಬಗ್ಗೆ, ಏಕೆಂದರೆ ನಿಮ್ಮಲ್ಲಿ ಹಲವರು ಅವನ್ನು ನಡೆಸುವವರೂ ಹೌದು. ಮೂರು ಗಂಟೆಗೆ ಪಂದ್ಯ ಇಟ್ಟು ಎರಡೂಕಾಲಿಗೆ ಪಲಾವ್ ಪೊಟ್ಟಣ ಹಂಚುವುದು ನಮ್ಮಲ್ಲಿ ಸಾಮಾನ್ಯ. ತಿಂದವಳು ಹೊಟ್ಟೆ ಹಿಡಿದುಕೊಂಡು ಓಡುತ್ತಾಳೆ, ತಿನ್ನದವಳು ಬೆಳಗಿನ ಎರಡು ಇಡ್ಲಿಯ ಮೇಲೆ ಓಡುತ್ತಾಳೆ. ಪೂರ್ತಿ ಊಟ ಪಂದ್ಯಕ್ಕೆ ಮೂರು ಗಂಟೆ ಮುಂಚೆ ಆಗಿರಬೇಕು, ಎಣ್ಣೆ ಮಸಾಲೆ ಕಡಿಮೆ ಇರಬೇಕು: ಇಡ್ಲಿ ಚಟ್ನಿ, ಅನ್ನ ಬೇಳೆಸಾರು, ಮೊಸರನ್ನ. ಒಂದು ಗಂಟೆ ಮುಂಚೆ ಬಾಳೆಹಣ್ಣು. ಮಧ್ಯಂತರದಲ್ಲಿ ಕಿತ್ತಳೆ ತೊಳೆ, ಪಾನಕ. ಆಟ ಮುಗಿದ ಮೇಲೆ ಬಹುಮಾನದ ಭಾಷಣಗಳು ಶುರುವಾಗುವ ಮುಂಚೆ ಅವರ ಕೈಗೆ ಹಾಲು, ಹಣ್ಣು. ದಿನಕ್ಕೆ ಎರಡು ಪಂದ್ಯ ಆಡಿಸುವ ಟೂರ್ನಿಯಾದರೆ ನಡುವೆ ಊಟ ಮಾಡಿ ಅರಗಿಸಿಕೊಳ್ಳುವಷ್ಟು ಬಿಡುವು ಇಡಲೇಬೇಕು. ಬಿಡುವು ಇಡಲಾಗದಿದ್ದರೆ ಎರಡನೇ ಪಂದ್ಯವನ್ನು ಮಾರನೇ ದಿನಕ್ಕೆ ಹಾಕಿ. ಮುಂದಿನ ಟೂರ್ನಿಯ ಸಭೆಯಲ್ಲಿ ರೆಫರಿ, ಶಾಮಿಯಾನ, ಮೈಕು, ಮುಖ್ಯ ಅತಿಥಿಯ ಹಾರ ಎಲ್ಲದರ ಖರ್ಚು ಬರೆಯುವ ಹಾಳೆಯಲ್ಲಿ ಹುಡುಗಿಯರ ಊಟದ ಸಮಯವನ್ನೂ ಶೌಚಾಲಯವನ್ನೂ ಮೊದಲ ಎರಡು ಸಾಲಿನಲ್ಲಿ ಬರೆಸಿ. ಪಂದ್ಯಗಳ ವೇಳಾಪಟ್ಟಿಯನ್ನು ಆಮೇಲೆ ಅದಕ್ಕೆ ಹೊಂದಿಸಿ.

ವಿಶ್ವಾಸದಿಂದ,
ನಿಮ್ಮ ಹುಡುಗಿಯರ ಜೊತೆ ಕೆಲಸ ಮಾಡುವ ಒಬ್ಬ ಆಹಾರತಜ್ಞೆ